ಬೆಳ್ಳಿಯ ಅಂಚಿನ ಹೆಸರು

ಪದಕವೊಂದನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ದೊರೆಯ ಮುಖವನ್ನು, ಆಮೇಲೆ ತಿರುವಿ ಹಿಂಬದಿಯ ಕುದುರೆಯನ್ನೋ ರೆಕ್ಕೆಯ ದೇವತೆಯನ್ನೋ. ಅಷ್ಟಕ್ಕೇ ಕೆಳಗಿಟ್ಟುಬಿಟ್ಟರೆ ಅದು ಯಾರದೆಂದು ತಿಳಿಯುವುದೇ ಇಲ್ಲ, ಏಕೆಂದರೆ ಅದನ್ನು ಎದೆಗೆ ಸಿಕ್ಕಿಸಿಕೊಂಡಿದ್ದವನು ಇರುವುದು ಆ ಎರಡೂ ಮುಖಗಳ ನಡುವಣ ಅಂಚಿನಲ್ಲಿ, ಉಗುರಿನ ಅಗಲವೂ ಇಲ್ಲದ ಬೆಳ್ಳಿಯ ಕಿರುದಾರಿಯಲ್ಲಿ. ಬೆಳಕಿಗೆ ಓರೆಯಾಗಿ ಹಿಡಿದು ಮೆಲ್ಲಮೆಲ್ಲನೆ ತಿರುಗಿಸುತ್ತ ಹೋದರೆ ಒಂದು ಸಂಖ್ಯೆ, ಒಂದು ಹುದ್ದೆ, ಒಂದು ಹೆಸರು, ಒಂದು ಪಲ್ಟನ್ನು, ಒಂದರ ಹಿಂದೊಂದು ನೆರಳಿನಿಂದ ಎದ್ದು ಬರುತ್ತವೆ. ಸುತ್ತು ಮುಗಿಯುವಷ್ಟರಲ್ಲಿ ಮತ್ತೆ ಮೊದಲ ಅಕ್ಷರಕ್ಕೇ ಬಂದಿರುತ್ತೇವೆ, ಪ್ರದಕ್ಷಿಣೆ ಮುಗಿಸಿ ಗರ್ಭಗುಡಿಯ ಬಾಗಿಲಿಗೆ ಬಂದು ನಿಂತ ಹಾಗೆ.

ಪುಣೆಯ ಜೂನಾ ಬಜಾರ್ ಭಾನುವಾರ ಮತ್ತು ಬುಧವಾರ ತೆರೆದುಕೊಳ್ಳುತ್ತದೆ. ತುಕ್ಕು ಹಿಡಿದ ಬೀಗಗಳು, ಹಿತ್ತಾಳೆಯ ಸಮೆಗಳು, ನಿಂತುಹೋದ ಗಡಿಯಾರಗಳ ನಡುವೆ ಹಳೆಯ ನಾಣ್ಯದವರು ಬಟ್ಟೆ ಹಾಸಿ ಕುಳಿತಿರುತ್ತಾರೆ. ಅಲ್ಲಿ ನನ್ನ ಅಂಗೈಗೆ ಬಂದದ್ದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಒಂದು ಮುಖದಲ್ಲಿ ಐದನೆಯ ಜಾರ್ಜ್, ಇನ್ನೊಂದರಲ್ಲಿ ಕುದುರೆಯೇರಿದ ಬತ್ತಲೆ ಸವಾರ, ಕುದುರೆಯ ಗೊರಸಿನಡಿ ಹದ್ದಿನ ಗುರಾಣಿ ಮತ್ತು ತಲೆಬುರುಡೆ, ಮೇಲೆ ಒಂದು ಪುಟ್ಟ ಉದಯಸೂರ್ಯ, ಎರಡು ಬದಿಗೆ 1914 ಮತ್ತು 1918. ಕಪ್ಪುಗಟ್ಟಿದ ಬೆಳ್ಳಿಯನ್ನು ಹೆಬ್ಬೆರಳಿಂದ ಉಜ್ಜುತ್ತ ತಿರುಗಿಸಿದೆ. ಆರಂಭದಲ್ಲಿ ಸಿಪಾಯಿ ಎಂಬ ಪದ ಸ್ಪಷ್ಟವಿತ್ತು, ಕೊನೆಗೆ ಮರಾಠಾ ಪಲ್ಟನ್ನಿನ ಹೆಸರು ಸ್ಪಷ್ಟವಿತ್ತು, ನಡುವಿನದು ಸವೆದು ನುಣುಪಾಗಿತ್ತು. ಅದನ್ನು ಸವೆಸಿದ್ದು ಹಬ್ಬಹಬ್ಬಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದ ಮನೆಯ ಕೈಗಳೇ ಇರಬೇಕು, ಅಕ್ಕರೆಯೇ ಅಕ್ಷರವನ್ನು ಒಯ್ದಿರಬೇಕು ಎಂದುಕೊಂಡು ಆ ನುಣುಪಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಿದ್ದೆ.

ಆ ಯುದ್ಧದಲ್ಲಿ ಪುಣೆ ತನ್ನ ಹೆಸರನ್ನೇ ದೂರದ ನದಿಯೊಂದರ ದಡಕ್ಕೆ ಕಳಿಸಿಕೊಟ್ಟಿತ್ತು. ಮೆಸೊಪೊಟೇಮಿಯಾಕ್ಕೆ ಹೋದ ಆರನೆಯ ಡಿವಿಜನ್ ಪುಣೆ ಡಿವಿಜನ್ ಎಂದೇ ಹೆಸರಾಗಿತ್ತು; 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ಅದರೊಳಗಿದ್ದವು. ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕುತ್ ಎಂಬ ಊರಿನಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರು ಆ ಪಡೆಯನ್ನು ಸುತ್ತುವರಿದಿದ್ದರು. ಹಿಟ್ಟು ಮುಗಿಯುತ್ತ ಬಂತು, ಕುದುರೆಗಳನ್ನು ಕೊಂದು ಮಾಂಸ ಹಂಚಿದರು, ನಮ್ಮ ಸಿಪಾಯಿಗಳಲ್ಲಿ ಎಷ್ಟೋ ಮಂದಿ ಅದನ್ನು ಮುಟ್ಟದೆ ಬಹಳ ದಿನ ಹಸಿದೇ ಇದ್ದರು. ಜೋಳದ ರೊಟ್ಟಿಯ ಸೀಮೆಯಿಂದ ಹೋದವನೊಬ್ಬ ಖರ್ಜೂರದ ಮರಗಳಾಚೆ ಉಕ್ಕುವ ಪರದೇಶದ ಹೊಳೆಯನ್ನು ನೋಡುತ್ತ, ತನ್ನೂರಿನಲ್ಲಿ ಈಗ ಯಾವ ಕೆಲಸ ನಡೆದಿರಬಹುದು, ಸುಗ್ಗಿ ಮುಗಿದು ಕಣ ಬರಿದಾಗಿರಬಹುದೇ ಎಂದು ನೆನೆದಿರಬಹುದಾದ ಒಂದು ಸಂಜೆಯನ್ನು ಯಾವ ಪದಕದಲ್ಲೂ ಕೆತ್ತಲಾಗುವುದಿಲ್ಲ. ಆದರೂ ಬೆಳ್ಳಿಯ ಸೂರ್ಯನನ್ನು ದಿಟ್ಟಿಸುತ್ತಿದ್ದರೆ ಆ ಸಂಜೆಯ ಬಣ್ಣ ಅದರ ಮೇಲೆ ಬಿದ್ದಂತೆ ಕಾಣುತ್ತದೆ. ಹೊರೆ ಹೊತ್ತು ಹಾದಿ ಕಡಿದ ಕೂಲಿ ದಳದವರಿಗೆ ಇದೇ ಪದಕವನ್ನು ಕಂಚಿನಲ್ಲಿ ಕೊಟ್ಟರು. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಮುಗಿಲಿಗೇರಿದಾಗ ಜಗತ್ತಿನ ಎಷ್ಟೋ ಕಡೆ ಬೆಳ್ಳಿಯವು ಮೂಸೆಗೆ ಬಿದ್ದು ಕರಗಿದವು. ಕರಗಿಸಿದರೆ ಹೆಚ್ಚೇನೂ ಸಿಗದ ಕಂಚಿನವು ಉಳಿದುಕೊಂಡವು.

ಇನ್ನೂ ಹಿಂದಕ್ಕೆ ಹೋದರೆ ಪುಣೆಯ ಊರುಗಳೇ ಬೆಳ್ಳಿಯಾಗಿರುವುದು ಕಾಣುತ್ತದೆ. 1851ರಲ್ಲಿ ಮಂಜೂರಾದ ಆರ್ಮಿ ಆಫ್ ಇಂಡಿಯಾ ಪದಕಕ್ಕೆ ತಿಳಿನೀಲಿ ರಿಬ್ಬನ್ನು. ಅದರ ಮೇಲೆ ಒಂದೊಂದು ಕದನಕ್ಕೊಂದು ಬೆಳ್ಳಿಯ ಅಡ್ಡಪಟ್ಟಿ. ಆ ಪಟ್ಟಿಗಳಲ್ಲಿ ಖಡಕಿ ಇದೆ, ಪುಣೆ ಇದೆ, ಕೋರೆಗಾಂವ್ ಇದೆ. 1817ರ ಡಿಸೆಂಬರ್ 31ರ ರಾತ್ರಿ ಶಿರೂರಿನಿಂದ ಹೊರಟ ಕಂಪನಿಯ ಸಿಪಾಯಿಗಳು ಇರುಳಿಡೀ ನಡೆದು ಬೆಳಗಿಗೆ ಭೀಮಾ ತೀರದ ಕೋರೆಗಾಂವ್ ತಲುಪಿ, ಪೇಶ್ವೆಯ ಸೈನ್ಯದೆದುರು ಕತ್ತಲಾಗುವ ತನಕ ಕಾದಿದರು. ಕಣ್ಣಳತೆಯಲ್ಲೇ ಹೊಳೆ ಹರಿಯುತ್ತಿತ್ತು, ಬಾಯಿಗೆ ನೀರಿರಲಿಲ್ಲ. ಸತ್ತವರಿಗಾಗಿ ಅಲ್ಲಿ ಕಲ್ಲಿನ ಕಂಬ ನಿಲ್ಲಿಸಿದರು. ಅದರ ಮೇಲಿನ 49 ಹೆಸರುಗಳಲ್ಲಿ 22 ಹೆಸರುಗಳ ಕೊನೆಗೆ ನಾಕ್ ಎಂದಿದೆ, ಅವರು ಮಹಾರರು; ಊರ ಬಾವಿಯ ನೀರು ಮುಟ್ಟಲು ಬಿಡದಿದ್ದ ಕಾಲದಲ್ಲಿ ಅವರ ಹೆಸರು ಬೇರೆ ಜಾತಿಯವರ ಹೆಸರುಗಳ ಜೊತೆಗೆ ಒಂದೇ ಕಲ್ಲಿನಲ್ಲಿ, ಒಂದೇ ಉಳಿಯ ಏಟಿನಲ್ಲಿ ಮೂಡಿತು. 1927ರ ಜನವರಿ 1ರಂದು ಅಂಬೇಡ್ಕರ್ ಬಂದು ಆ ಕಂಬದ ಮುಂದೆ ನಿಂತರು. ಬದುಕುಳಿದವರಿಗೆ ಬೆಳ್ಳಿ ಬಂದದ್ದು ಮೂವತ್ತಮೂರು ವರ್ಷ ಕಳೆದ ಮೇಲೆ, ಅದೂ ಅಲ್ಲಿಯವರೆಗೆ ಉಸಿರು ಹಿಡಿದಿದ್ದವರಿಗೆ. ಇಪ್ಪತ್ತರ ಹರೆಯದಲ್ಲಿ ಬಾಯಾರಿದ್ದವನು ಐವತ್ತು ದಾಟಿ, ಮಂಜುಗಣ್ಣಿನಿಂದ ಅಂಚಿನ ಮೇಲಿನ ತನ್ನ ಹೆಸರನ್ನು, ತನಗೆ ಓದಲು ಬಾರದ ಲಿಪಿಯಲ್ಲಿರುವ ತನ್ನದೇ ಹೆಸರನ್ನು, ಬೆರಳಿಂದ ತಡವಿ ನೋಡಿಕೊಂಡಿರಬೇಕು.

ಕನ್ನಡದವಳಾದ ನನಗೆ ಇದೇ ಸಾಲಿನ ಇನ್ನೊಂದು ಪದಕದ ಎದುರು ಮಾತು ಕಟ್ಟುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಗುರುತಿಗೆ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಮಾಡಿಸಿದ್ದು ಅದು: ಒಂದು ಬದಿಗೆ ಹುಲಿಯನ್ನು ಮಣಿಸುತ್ತಿರುವ ಸಿಂಹ, ಇನ್ನೊಂದು ಬದಿಗೆ ಒಡೆದ ಕೋಟೆಗೋಡೆಯ ಕಡೆಗೆ ನುಗ್ಗುತ್ತಿರುವ ಪಡೆ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಕೆಳಕೆಳಗೆ ಬೆಳ್ಳಿ, ಕಂಚು, ಸಿಪಾಯಿಗೆ ತವರ. ಮಣಿದ ಹುಲಿಯ ಬೆನ್ನಿನ ಬಾಗು, ಬಿಗಿದ ಸ್ನಾಯು ಎಷ್ಟು ನವಿರಾಗಿವೆಯೆಂದರೆ, ನಮ್ಮ ನೆಲದ ಸೋಲನ್ನು ಇಷ್ಟು ಚೆಲುವಾಗಿ ಕಡೆದ ಕೈಗೆ ಏನೆನ್ನಬೇಕೋ ತಿಳಿಯದೆ ಎದೆಯಲ್ಲಿ ನೋವೂ ಬೆರಗೂ ಒಟ್ಟಿಗೇ ಏಳುತ್ತವೆ. ಅದರ ಅಂಚನ್ನು ತಿರುಗಿಸಿದರೆ ಏನೂ ಇಲ್ಲ. ಹೆಸರು ಕೆತ್ತುವ ರೂಢಿ ಆಗಿನ್ನೂ ಬಂದಿರಲಿಲ್ಲ. ಕಾವೇರಿಯನ್ನು ದಾಟಿದ ಆ ತವರದ ಸಿಪಾಯಿ ತಮಿಳನೋ ತೆಲುಗನೋ ಕನ್ನಡಿಗನೋ ಹೇಳುವವರಿಲ್ಲ. ಬರಿದಾದ ಅಂಚು ಒಂದು ಸುತ್ತು ತಿರುಗಿ ತನ್ನಲ್ಲೇ ಮುಗಿಯುತ್ತದೆ.

ಹಾಗಾಗಿಯೇ ಆಮೇಲಿನ ಪದಕಗಳ ಹೆಸರುಗಳು ನನ್ನನ್ನು ಇಷ್ಟು ಸೆಳೆಯುವುದು. ಪುಣೆಯ ಸೀಮೆಯಲ್ಲಿ ಮಕ್ಕಳಿಗೆ ದೇವರ ಹೆಸರನ್ನೇ ಇಡುತ್ತಾರೆ. ರಾಮ, ವಿಠೋಬ, ಖಂಡೋಬ, ಹಣಮಂತ. ಲಂಡನ್ನಿನ ರಾಣಿಯ ತಲೆಯ ಸುತ್ತ, ಗುಮಾಸ್ತನೊಬ್ಬ ಕಿವಿಗೆ ಬಿದ್ದಂತೆ ಬರೆದ ಅಕ್ಷರಗಳಲ್ಲಿ, ಪಂಢರಪುರದ ದೇವರು ಸದ್ದಿಲ್ಲದೆ ಬಂದು ನಿಂತಿರುತ್ತಾನೆ. ಆಷಾಢದ ಯಾತ್ರೆಗೆಂದು ಆಳಂದಿಯಿಂದ, ದೇಹುವಿನಿಂದ ಹೊರಟ ಪಾಲಕಿಗಳು ಪುಣೆಯ ಬೀದಿಗಳನ್ನು ತುಂಬಿಕೊಂಡು ಹೋಗುವಾಗ ತಾಳದ ದನಿಯಲ್ಲಿ ಮೊಳಗುವ ಹೆಸರೂ ಅದೇ. ಕೋರೆಗಾಂವದ ದಡ ಸವರಿಕೊಂಡು ಹೋದ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಬಳುಕಿ, ಗಾಣಗಾಪುರವನ್ನು ಹಾದು, ಕೊನೆಗೆ ಕೃಷ್ಣೆಯಲ್ಲಿ ಸೇರುತ್ತಾಳೆ; ಅಂದು ಬಾಯಾರಿದ್ದವರು ಕುಡಿಯಲಾಗದ ನೀರು ನಮ್ಮ ನಾಡಿಗೆ ಬಂದು ಹೊಲಕ್ಕೆ ಹಾಯ್ದಿದೆ.

ಪದಕಗಳ ಜಾಡು ಹಿಡಿದು ಹೊರಟವರಿಗೆ ಸಿಗುವುದು ಸ್ವಲ್ಪವೇ. ಒಂಟಿ ಹೆಸರಿಗೆ ಊರಿಲ್ಲ, ತಂದೆಯ ಹೆಸರಿಲ್ಲ. ಒಂದೇ ಪಲ್ಟನ್ನಿನಲ್ಲಿ ಅದೇ ಹೆಸರಿನವರು ಹಲವರು. ಮರಾಠಾ ರೆಜಿಮೆಂಟಿನ ಮನೆಯಾದ ಬೆಳಗಾವಿಯಿಂದ ಸಾತಾರದವರೆಗಿನ ಹಳ್ಳಿಗಳಲ್ಲಿ ಮುತ್ತಜ್ಜ ಲಾಮಿಗೆ, ಅಂದರೆ ಯುದ್ಧಕ್ಕೆ, ಹೋಗಿದ್ದನೆಂದು ಹೇಳುವವರು ಇದ್ದಾರೆ, ಎಲ್ಲಿಗೆಂದು ಅವರಿಗೂ ತಿಳಿಯದು. ಯಾರ ಯುದ್ಧ, ಯಾರ ನೆಲ, ಅವನಿಗೆ ಅದು ಒಪ್ಪಿತ್ತೇ ಎಂದು ಯಾರೂ ಅವನನ್ನು ಕೇಳಲಿಲ್ಲ, ಅವನ ಒಂದು ಮಾತನ್ನೂ ಬರೆದಿಡಲಿಲ್ಲ. ಹೆಸರನ್ನು ಮಾತ್ರ ಅಕ್ಷರ ಅಕ್ಷರವಾಗಿ ಲೋಹಕ್ಕೆ ಒತ್ತಿದರು. ಇಷ್ಟು ಮರೆವಿನ ನಡುವೆ ಇಷ್ಟು ನೆನಪು ಹೇಗೆ ಉಳಿಯಿತೆಂಬುದು ನನಗೆ ಇಂದಿಗೂ ಅಚ್ಚರಿಯೇ. ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಅಂಥದೊಂದು ಬಿಲ್ಲೆ ಇದ್ದರೆ, ಅದರ ಅಂಚಿನಲ್ಲಿರುವವನು ನಿಮ್ಮವನು. ದೊರೆಯ ಮುಖ ಹಾಗಿರಲಿ, ಅವನ ಹೆಸರನ್ನು ಒಮ್ಮೆ ಬಾಯಿಬಿಟ್ಟು ಕರೆಯಿರಿ, ಅವನ ತಾಯಿ ಕರೆಯುತ್ತಿದ್ದ ಭಾಷೆಯಲ್ಲಿ.