ದುರ್ಬಲನ ಜಯವೂ ಲೋಕದ ಪ್ರೀತಿಯೂ

ಬಲಿಷ್ಠನು ದುರ್ಬಲನನ್ನು ಸೋಲಿಸಿದರೆ ಅದು ಯಾರಿಗೂ ವಾರ್ತೆಯಾಗದು. ದುರ್ಬಲನು ಬಲಿಷ್ಠನನ್ನು ಸೋಲಿಸಿದಾಗ ಮಾತ್ರ ಲೋಕವು ಕಿವಿಗೊಟ್ಟು ಕೇಳುವುದು. ಕೇಳುವುದಷ್ಟೇ ಅಲ್ಲ, ಗೆದ್ದವನ ಊರು ಯಾವುದು, ಮನೆತನ ಯಾವುದು ಎಂಬುದನ್ನು ಎಣಿಸದೆ ಅವನನ್ನು ತನ್ನ ಮನೆಯ ಮಗನೆಂಬಂತೆ ಎತ್ತಿ ಮೆರೆಸುವುದು. ಈ ಪ್ರೀತಿಗೆ ಕಾರಣವೇನು? ಇದು ಧರ್ಮದ ಮೇಲಣ ಪ್ರೀತಿಯೋ, ಕೇವಲ ಜಯದ ಮೇಲಣ ಪ್ರೀತಿಯೋ, ಅಥವಾ ನಮ್ಮ ಮೇಲೆ ನಮಗಿರುವ ಮಮತೆಯ ರೂಪಾಂತರವೋ? ಗೋಡೆಯಿದ್ದರಲ್ಲವೆ ಚಿತ್ರ! ನಿದರ್ಶನವಿಲ್ಲದೆ ಇಂತಹ ವಿಚಾರವು ನಿಲ್ಲಲಾರದು. ಆದಕಾರಣ ಅಮೆರಿಕಾ ದೇಶದ ಕಾಲೇಜು ಆಟದ ಕಣದಲ್ಲಿ 1984ನೆಯ ಇಸವಿಯಲ್ಲಿ ನಡೆದ ಒಂದು ವೃತ್ತಾಂತವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಅಲ್ಲಿಯವರು ಫುಟ್‌ಬಾಲ್ ಎನ್ನುವ ಆಟವು ನಾವು ಬಲ್ಲ ಕಾಲ್ಚೆಂಡಿನ ಆಟವಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಹಿಡಿಯುವುದು, ಇವೇ ಅದರ ಮುಖ್ಯ ವ್ಯಾಪಾರಗಳು. ಪಕ್ಷಕ್ಕೆ ಹನ್ನೊಂದು ಮಂದಿ. ನೂರು ಗಜದ ಅಂಗಣವನ್ನು ಹಾಯ್ದು ಎದುರಾಳಿಯ ತುದಿಗೆರೆಯ ಆಚೆಗೆ ಚೆಂಡನ್ನು ಒಯ್ಯಬೇಕು. ಈ ಹನ್ನೊಂದು ಮಂದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನೇ ಸೂತ್ರಧಾರ. ಪ್ರತಿಯೊಂದು ಹೂಟದಲ್ಲಿಯೂ ಚೆಂಡು ಮೊದಲು ಅವನ ಕೈಗೆ ಬರುವುದು. ಮುಂದಕ್ಕೆ ಓಡುತ್ತಿರುವ ತನ್ನವರಲ್ಲಿ ಯಾರಿಗೆ ಎಸೆಯಬೇಕೆಂಬುದನ್ನು ಅವನು ಕೆಲವೇ ಕ್ಷಣಗಳಲ್ಲಿ ನಿರ್ಣಯಿಸಬೇಕು. ಅವನ ಮುಂದೆ ಎರಡು ಪಕ್ಷದ ಮಹಾಕಾಯರೂ ಕೋಟೆಯಂತೆ ನಿಂತು ಸೆಣಸುತ್ತಿರುವರು. ಆ ತಲೆಗಳ ಮೇಲಿಂದ ದೂರವನ್ನು ನೋಡಬೇಕಾದ್ದರಿಂದ ಈ ಸ್ಥಾನಕ್ಕೆ ಆರಡಿಗೂ ಮಿಗಿಲಾದ ಆಳೇ ಬೇಕೆಂಬುದು ಆ ಆಟದ ಪಂಡಿತರ ಬಹುಕಾಲದ ಸಿದ್ಧಾಂತ.

ಡಗ್ ಫ್ಲೂಟಿ ಎಂಬ ತರುಣನ ಎತ್ತರ 5 ಅಡಿ 10 ಅಂಗುಲ. ನಮ್ಮ ಬೀದಿಯಲ್ಲಿ ನಡೆದರೆ ಅವನನ್ನು ಯಾರೂ ಕುಳ್ಳನೆನ್ನರು. ಆ ಕಣದಲ್ಲಿ ಮಾತ್ರ ಅವನು ವಾಮನ. 1962ರಲ್ಲಿ ಜನಿಸಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ನೇಟಿಕ್ ಎಂಬ ಊರಿನ ಶಾಲೆಯಲ್ಲಿ ಆಡಿ ಹೆಸರು ಪಡೆದಿದ್ದರೂ ದೊಡ್ಡ ಕಾಲೇಜುಗಳು ಇವನನ್ನು ಬಯಸಲಿಲ್ಲ. ಮೊದಲ ಶ್ರೇಣಿಯ ಕಾಲೇಜುಗಳಲ್ಲಿ ಇವನಿಗೆ ವಿದ್ಯಾರ್ಥಿವೇತನವನ್ನಿತ್ತು ಕರೆದುದು ಬಾಸ್ಟನ್ ಕಾಲೇಜೊಂದೇ. ಅಲ್ಲಿಯೂ ಅವನ ಸರದಿ ನಾಲ್ಕನೆಯದು. 1981ರಲ್ಲಿ ಪೆನ್ ಸ್ಟೇಟ್ ಎಂಬ ಪ್ರಬಲ ಪಕ್ಷದೊಡನೆ ಆಡುವಾಗ, ಪಂದ್ಯವು ಆಗಲೇ ಕೈತಪ್ಪಿಹೋಗಿರಲು, ತರಬೇತುಗಾರ ಜಾಕ್ ಬಿಕ್ನೆಲ್ ಅವರು ಈ ಹೊಸ ಹುಡುಗನನ್ನು ಕಣಕ್ಕಿಳಿಸಿದರು. ಪಂದ್ಯವೇನೋ ಸೋತಿತು, ಆದರೆ ಆ ದಿನದಿಂದ ಆ ಸ್ಥಾನವು ಅವನದಾಯಿತು.

ಮೂರು ವರ್ಷಗಳ ಬಳಿಕ, 1984ರ ನವೆಂಬರ್ 23ರಂದು, ಮಿಯಾಮಿ ನಗರದ ಆರೆಂಜ್ ಬೌಲ್ ಎಂಬ ಕ್ರೀಡಾಂಗಣದಲ್ಲಿ ಬಾಸ್ಟನ್ ಕಾಲೇಜು ಮಿಯಾಮಿ ವಿಶ್ವವಿದ್ಯಾನಿಲಯದ ಎದುರು ನಿಂತಿತು. ಮಿಯಾಮಿ ಹಿಂದಿನ ವರ್ಷದ ರಾಷ್ಟ್ರವಿಜೇತ ಪಕ್ಷ. ಅಮೆರಿಕನ್ನರ ಕೃತಜ್ಞತಾ ಹಬ್ಬದ ಮರುದಿನವಾದ್ದರಿಂದ ಮನೆಮನೆಗಳಲ್ಲಿ ಸಂಸಾರ ಸಮೇತ ಕುಳಿತು ಜನರು ದೂರದರ್ಶನದಲ್ಲಿ ಈ ಪಂದ್ಯವನ್ನು ನೋಡುತ್ತಿದ್ದರು. ಆಟ ಮುಗಿಯಲು 28 ಸೆಕೆಂಡುಗಳಿರುವಾಗ ಮಿಯಾಮಿ 45, ಬಾಸ್ಟನ್ 41. ಗೆಲ್ಲಬೇಕಾದರೆ ಬಾಸ್ಟನ್ ಪಕ್ಷವು 80 ಗಜ ಸಾಗಬೇಕು. ಎರಡು ಎಸೆತಗಳಿಂದ ಫ್ಲೂಟಿ 32 ಗಜಗಳನ್ನು ಕಳೆದನು, ಮೂರನೆಯದು ವ್ಯರ್ಥವಾಯಿತು. ಉಳಿದುದು 6 ಸೆಕೆಂಡು, 48 ಗಜ. ಚೆಂಡು ಕೈಗೆ ಬಂದೊಡನೆ, ಅಟ್ಟಿಬಂದವರಿಂದ ತಪ್ಪಿಸಿಕೊಳ್ಳುತ್ತ ಅವನು ಹಿಂದಕ್ಕೆ ಬಲಕ್ಕೆ ಸರಿದು, ಎದುರುಗಾಳಿಯಲ್ಲಿ ಅರುವತ್ತು ಗಜಕ್ಕೂ ಮಿಗಿಲಾದ ದೂರಕ್ಕೆ ಚೆಂಡನ್ನು ಎಸೆದನು. ಅದು ಆಕಾಶದಲ್ಲಿರುವಾಗಲೇ ಕಾಲವು ಮುಗಿಯಿತು. ತುದಿಗೆರೆಯ ಬಳಿ ಗುಂಪುಗೂಡಿದ್ದ ಮಿಯಾಮಿಯವರ ಬೆನ್ನ ಹಿಂದೆ ಜೆರಾರ್ಡ್ ಫೀಲನ್ ಎಂಬವನು, ಕಾಲೇಜಿನಲ್ಲಿ ಫ್ಲೂಟಿಯ ಕೊಠಡಿಯ ಜೊತೆಗಾರ, ಅದನ್ನು ಎದೆಗವಚಿಕೊಂಡು ಬಿದ್ದನು. ಬಾಸ್ಟನ್ 47, ಮಿಯಾಮಿ 45.

ಆ ದಿನದಿಂದ ಫ್ಲೂಟಿ ಒಂದು ಕಾಲೇಜಿನ ಸ್ವತ್ತಾಗಿ ಉಳಿಯಲಿಲ್ಲ; ಇಡಿಯ ದೇಶವೇ ಅವನನ್ನು ತನ್ನವನೆಂದಿತು. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ 1935ರಿಂದಲೂ ಸಲ್ಲುತ್ತಿರುವ ಹೈಸ್‌ಮನ್ ಪಾರಿತೋಷಕವು ಅವನಿಗೆ ದೊರೆಯಿತು. ಅವನ ಕಾಲೇಜಿಗೆ ಸೇರಬಯಸುವವರ ಅರ್ಜಿಗಳು ಹೆಚ್ಚಿದುವು. ಬೇರೆ ಕಾರಣಗಳೂ ಇದ್ದುವೆಂದು ಕಾಲೇಜಿನವರೇ ಹೇಳಿದರೂ ‘ಫ್ಲೂಟಿ ಪರಿಣಾಮ’ ಎಂಬ ಮಾತೇ ಬಳಕೆಗೆ ಬಂದಿತು.

ಇನ್ನು ವಿಚಾರಕ್ಕೆ ಬರೋಣ. ‘ಇದು ಬರಿಯ ಕಾಕತಾಲೀಯ, ಕಾಗೆ ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದಂತೆ ಆಯಿತು, ಲೋಕವು ಅದೃಷ್ಟವನ್ನು ಪೂಜಿಸಿತು, ಅಷ್ಟೆ’ ಎಂದು ಮೊದಲನೆಯ ಪೂರ್ವಪಕ್ಷದವರು ಹೇಳುವರು. ಕೊನೆಯ ಗಳಿಗೆಯ ಇಂತಹ ಎಸೆತಕ್ಕೆ ಆ ದೇಶದವರು ಇಟ್ಟಿರುವ ಹೆಸರೂ ಇದಕ್ಕೆ ಅನುಕೂಲವಾಗಿಯೇ ಇದೆ. ‘ಹೇಲ್ ಮೇರಿ’ ಎಂಬುದು ಕೆಥೋಲಿಕರು ಮೇರಿ ಮಾತೆಗೆ ಸಲ್ಲಿಸುವ ಪ್ರಾರ್ಥನೆಯ ಹೆಸರು. ಎಸೆದಮೇಲೆ ದೇವರೇ ಗತಿ ಎಂಬುದು ತಾತ್ಪರ್ಯ. ಆದರೆ ಈ ಪಕ್ಷವು ನಿಲ್ಲುವುದಿಲ್ಲ. ಮೂವರು ಓಡಿ ಒಂದೇ ಮೂಲೆಯನ್ನು ಸೇರುವುದು, ಹಿಡಿಯಲಾಗದಿದ್ದರೆ ಚೆಂಡನ್ನು ತಟ್ಟಿ ತನ್ನವರತ್ತ ಹಾರಿಸುವುದು ಎಂಬ ಆ ಹೂಟಕ್ಕೆ ಒಂದು ಹೆಸರಿದ್ದಿತು. ಅಭ್ಯಾಸದ ಅಂಗಣದಲ್ಲಿ ಅದನ್ನು ಅವರು ಮತ್ತೆ ಮತ್ತೆ ಆಡಿದ್ದರು. ಕಾಗೆಯು ತಾಳೆಯ ಹಣ್ಣಿಗಾಗಿ ಅಭ್ಯಾಸ ಮಾಡಿರುವುದಿಲ್ಲ. ದೈವದ ಪಾಲು ಇಲ್ಲವೆನ್ನಲಾಗದು. ಆದರೆ ದೈವವು ಬಂದು ಬಾಗಿಲು ತಟ್ಟಿದಾಗ ಮನೆಯಲ್ಲಿ ಎಚ್ಚತ್ತಿರುವವನೊಬ್ಬನು ಬೇಕಷ್ಟೆ. ಆ ಎಚ್ಚರವೇ ಪುರುಷಕಾರ.

ಇದಕ್ಕಿಂತಲೂ ಮನನೀಯವಾದ ಮಾತೊಂದಿದೆ. ಮಿಯಾಮಿಯ ರಕ್ಷಕರು ತುದಿಗೆರೆಗಿಂತ ಮುಂದೆಯೇ ಏಕೆ ನಿಂತಿದ್ದರು? ಈ ಸಣ್ಣಾಳು ಈ ಗಾಳಿಯಲ್ಲಿ ಅಷ್ಟು ದೂರ ಎಸೆಯಲಾರನೆಂಬ ಎಣಿಕೆಯಿಂದ. ಫೀಲನ್ನನು ಅವರನ್ನು ದಾಟಿ ಹಿಂದಕ್ಕೆ ಹೋದರೂ ಅವರು ಅವನನ್ನು ಲೆಕ್ಕಿಸಲಿಲ್ಲ. ಎಂದಮೇಲೆ ಆ ತರುಣನು ಗೆದ್ದುದು ತನ್ನ ತೋಳಿನ ಬಲದಿಂದ ಮಾತ್ರವಲ್ಲ; ಅವನನ್ನು ಅಲ್ಪನೆಂದು ಎಣಿಸಿದವರ ಅವಜ್ಞೆಯೇ ಅವನಿಗೆ ದಾರಿಯನ್ನು ತೆರೆಯಿತು. ದೊಡ್ಡ ಕಾಲೇಜುಗಳವರನ್ನು ವಂಚಿಸಿದ ಅಳತೆಗೋಲೇ ಆ ಸಂಜೆ ಮಿಯಾಮಿಯವರನ್ನೂ ವಂಚಿಸಿತು.

ಎರಡನೆಯ ಪೂರ್ವಪಕ್ಷವು ಸೂಕ್ಷ್ಮವಾದುದು. ಲೋಕದಲ್ಲಿ ಮಹಾಕಾಯರು ಕೆಲವರು, ಸಾಮಾನ್ಯರು ಕೋಟಿ. ಪ್ರತಿಯೊಬ್ಬ ಸಾಮಾನ್ಯನೂ ತನ್ನ ಯೋಗ್ಯತೆಯನ್ನು ಯಾರೋ ತಪ್ಪಾಗಿ ಅಳೆದರೆಂದೇ ಎಣಿಸುತ್ತಿರುವನು. ಫ್ಲೂಟಿಯ ಎಸೆತದಲ್ಲಿ ಅವನು ತನ್ನದೇ ಪ್ರತೀಕಾರವನ್ನು ಕಂಡನು. ಆದ್ದರಿಂದ ಈ ಪ್ರೀತಿಯು ಆತ್ಮಪ್ರೀತಿಯೇ ಹೊರತು ಬೇರೆಯಲ್ಲ ಎಂದು ಇವರು ವಾದಿಸುವರು. ಇದರಲ್ಲಿ ಸತ್ಯಾಂಶವಿದೆ. ಆದರೆ ಆತ್ಮಪ್ರೀತಿ ಎಂದ ಮಾತ್ರಕ್ಕೆ ಅದು ಹೀನವೆಂದೇಕೆ ತಿಳಿಯಬೇಕು? ತನ್ನ ನೋವಿನ ಮೂಲಕವಲ್ಲದೆ ಮನುಷ್ಯನು ಪರರ ನೋವನ್ನು ಅರಿಯಲಾರನು. ತನ್ನಿಂದ ಹೊರಟ ಪ್ರೀತಿಯು ಪರನನ್ನು ಮುಟ್ಟಿದರೆ ಅದು ಕರುಣೆಯಾಗುವುದು. ಮುಟ್ಟದೆ ತನ್ನಲ್ಲಿಗೇ ಹಿಂತಿರುಗಿದರೆ ಅದು ವಿನೋದ. ಅದು ಪರನನ್ನು ಮುಟ್ಟಿತೋ ಇಲ್ಲವೋ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಅದನ್ನು ತಿಳಿಯಬೇಕಾದರೆ ಚಪ್ಪಾಳೆಯು ನಿಂತಮೇಲೆ ನಡೆದುದನ್ನು ನೋಡಬೇಕು. ಜನಪ್ರಿಯತೆಯ ಬಲದಿಂದ 1985ರಲ್ಲಿ ಹೊಸತೊಂದು ವೃತ್ತಿ ಕ್ರೀಡಾ ಕೂಟವು ದೊಡ್ಡ ಸಂಬಳವನ್ನಿತ್ತು ಅವನನ್ನು ಕರೆಯಿತು. ಆ ಕೂಟವು ಬೇಗನೆ ಮುಚ್ಚಿಹೋಯಿತು. ಹಳೆಯ ದೊಡ್ಡ ಕೂಟದ ಆಯ್ಕೆಯಲ್ಲಿ ಅವನ ಹೆಸರು ಬಂದುದು ಹನ್ನೊಂದನೆಯ ಸುತ್ತಿನಲ್ಲಿ. ಅಲ್ಲಿ ಎರಡು ಪಕ್ಷಗಳಲ್ಲಿದ್ದು, ಭದ್ರವಾದ ಸ್ಥಾನ ದೊರೆಯದೆ, 1990ರಲ್ಲಿ ನೆರೆಯ ಕೆನಡಾ ದೇಶಕ್ಕೆ ಹೋದನು. ಅಲ್ಲಿಯ ಅಂಗಣವು 110 ಗಜ ಉದ್ದ, 65 ಗಜ ಅಗಲ, ಅಮೆರಿಕದ್ದಕ್ಕಿಂತ ದೊಡ್ಡದು. ಓಟಕ್ಕೂ ಸಮಯಸ್ಫೂರ್ತಿಗೂ ಅಲ್ಲಿ ಹೆಚ್ಚಿನ ಎಡೆ. ಎಂಟು ವರ್ಷಗಳಲ್ಲಿ ಆರು ಸಲ ಆ ದೇಶದ ಅತ್ಯುತ್ತಮ ಆಟಗಾರನೆಂಬ ಮನ್ನಣೆ ಅವನಿಗೆ ಸಂದಿತು. 1992, 1996, 1997ರಲ್ಲಿ ಅವನ ಪಕ್ಷಗಳು ಗ್ರೇ ಕಪ್ ಎಂಬ ಅಲ್ಲಿಯ ಪರಮ ಪಾರಿತೋಷಕವನ್ನು ಗೆದ್ದುವು. ಅಂಗಣದ ಅಳತೆಯು ಬದಲಾಗಲು ಆಳಿನ ಅಳತೆಯೂ ಬದಲಾಯಿತು.

1998ರಲ್ಲಿ ಬಫಲೋ ನಗರದ ಪಕ್ಷವು ಅವನನ್ನು ಮತ್ತೆ ಸ್ವದೇಶಕ್ಕೆ ಕರೆಸಿಕೊಂಡಿತು. ಅಲ್ಲಿಯೂ ಚೆನ್ನಾಗಿಯೇ ಆಡಿದನು. 1999ರ ಋತುವಿನಲ್ಲಿ ಅವನು ಆರಂಭದಿಂದ ಆಡಿದ 15 ಪಂದ್ಯಗಳಲ್ಲಿ ಪಕ್ಷವು ಹತ್ತನ್ನು ಗೆದ್ದಿತು. ಆದರೂ ನಿರ್ಣಾಯಕ ಸುತ್ತಿನ ಪಂದ್ಯವು ಬಂದಾಗ ಅವನನ್ನು ಕೂರಿಸಿ, ಆರಡಿ ನಾಲ್ಕಂಗುಲದ ಬೇರೊಬ್ಬನನ್ನು ಇಳಿಸಿದರು. ಬಫಲೋ ಆ ಪಂದ್ಯವನ್ನು ಸೋತುದು ಕೊನೆಯ ಕ್ಷಣದ ಬೇರೊಂದು ವಿಚಿತ್ರದಿಂದ. ಹೊಸಬನನ್ನು ನಿಂದಿಸಲು ಕಾರಣವಿಲ್ಲ. ಫ್ಲೂಟಿಯಿದ್ದರೆ ಗೆಲ್ಲುತ್ತಿದ್ದರೆಂದೂ ಯಾರೂ ಹೇಳಲಾರರು. ನಾವು ಗಮನಿಸಬೇಕಾದುದು ಇಷ್ಟೆ: ಇಡಿಯ ದೇಶವೇ ಪ್ರೀತಿಸಿದ ಹದಿನೈದು ವರ್ಷಗಳ ಅನಂತರವೂ ಆ ಅಳತೆಗೋಲು ಇದ್ದಲ್ಲಿಯೇ ಇದ್ದಿತು.

ಇಲ್ಲಿ ನಮಗೆ ಸಿದ್ಧಾಂತವು ಗೋಚರಿಸುವುದು. ಪ್ರೀತಿ ಬೇರೆ, ನ್ಯಾಯ ಬೇರೆ. ಲೋಕವು ಫ್ಲೂಟಿಗೆ ಪ್ರೀತಿಯನ್ನು ಕೊಟ್ಟಿತು. ಅದಕ್ಕೆ ಅದು ಕಳೆದುಕೊಂಡುದೇನೂ ಇಲ್ಲ. ಗೆದ್ದಮೇಲೆ ಪ್ರೀತಿಸುವುದರಲ್ಲಿ ಕಷ್ಟವೇನು? ಆ ಚೆಂಡು ಫೀಲನ್ನನ ಕೈಜಾರಿ ಬಿದ್ದಿದ್ದರೆ ಎಸೆತದ ಸೊಗಸಾಗಲಿ ಎಸೆದವನ ಶ್ರಮವಾಗಲಿ ಎಳ್ಳಷ್ಟೂ ಕಡಮೆಯಾಗುತ್ತಿರಲಿಲ್ಲ. ಕಡಮೆಯಾಗುತ್ತಿದ್ದುದು ಪ್ರೀತಿ ಮಾತ್ರ. ಫಲದಿಂದ ಹುಟ್ಟಿದ ಪ್ರೀತಿಯು ಫಲದೊಡನೆಯೇ ಉದುರುವುದು. ಇದಕ್ಕೆ ಪ್ರತಿಯಾಗಿ, ಯಾವ ಫಲವನ್ನೂ ಕಾಣುವ ಮೊದಲೇ ಅವನಿಗೆ ವಿದ್ಯಾರ್ಥಿವೇತನವನ್ನಿತ್ತ ಕಾಲೇಜೂ, ಸೋಲುತ್ತಿದ್ದ ಪಂದ್ಯದಲ್ಲಿ ನಾಲ್ಕನೆಯ ಸರದಿಯವನನ್ನು ಕಣಕ್ಕಿಳಿಸಿದ ತರಬೇತುಗಾರರೂ ಮಾಡಿದುದು ನ್ಯಾಯ. ಪ್ರೀತಿಯು ಜಯವನ್ನು ಕಾದಿತ್ತು. ನ್ಯಾಯವು ಅವಕಾಶವನ್ನು ಕೊಟ್ಟಿತು. ಲಕ್ಷಾಂತರ ಜನರ ಜಯಘೋಷಕ್ಕಿಂತ ಈ ಒಂದು ಅವಕಾಶವೇ ಧರ್ಮದ ತಕ್ಕಡಿಯಲ್ಲಿ ಹೆಚ್ಚು ತೂಗುವುದು.

‘ಹಾಗಾದರೆ ಅಳತೆಗೋಲುಗಳನ್ನೆಲ್ಲ ಮುರಿದುಹಾಕಬೇಕೋ?’ ಎಂಬ ಶಂಕೆಯು ಉಂಟಾಗಬಹುದು. ಬೇಡ. ಎತ್ತರದವನಿಗೆ ದೂರ ಕಾಣುವುದೆಂಬುದು ಸುಳ್ಳಲ್ಲ. ಅಳತೆಯಿಲ್ಲದೆ ಶಾಲೆಯೂ ನಡೆಯದು, ಸೇನೆಯೂ ನಡೆಯದು. ಆದರೆ ಅಳತೆಯೆಂಬುದು ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಅಂಗುಲಗಳನ್ನೋ ಅಂಕಗಳನ್ನೋ ಕಂಡು ಶಕ್ತಿಯನ್ನು ಊಹಿಸುತ್ತೇವೆ. ಪ್ರತ್ಯಕ್ಷವು ದೊರೆಯದಿರುವಾಗ ಅನುಮಾನವನ್ನು ನಂಬುವುದು ವಿವೇಕ; ಪ್ರತ್ಯಕ್ಷವು ಕಣ್ಣೆದುರಿಗೆ ಬಂದು ನಿಂತಮೇಲೂ ಅನುಮಾನವನ್ನೇ ಹಿಡಿದುಕೊಂಡಿರುವುದು ಹಠ. ಹತ್ತು ಪಂದ್ಯಗಳನ್ನು ಗೆಲ್ಲಿಸಿದವನನ್ನು ಅಂಗುಲಗಳಿಂದ ಅಳೆಯುವವರಿಗೂ, ಲೆಕ್ಕವನ್ನು ಸರಿಯಾಗಿ ಮಾಡಿ ತೋರಿಸಿದ ಬಾಲಕನನ್ನು ಹಿಂದಿನ ವರ್ಷದ ಅಂಕಪಟ್ಟಿಯಿಂದ ಅಳೆಯುವವರಿಗೂ ಭೇದವಿಲ್ಲ.

ಫ್ಲೂಟಿಯು 21 ವರ್ಷಗಳ ವೃತ್ತಿಜೀವನದ ಬಳಿಕ 2006ರಲ್ಲಿ ನಿವೃತ್ತನಾದನು. 2008ರಲ್ಲಿ ಅವನ ಕಾಲೇಜಿನವರು ಕ್ರೀಡಾಂಗಣದ ಹೊರಗೆ ಅವನ ಪ್ರತಿಮೆಯನ್ನು ನಿಲ್ಲಿಸಿದರು. ಯೋಗ್ಯನಿಗೆ ಸಂದ ಗೌರವವದು, ಸಂತೋಷ. ಆದರೆ ಪ್ರತಿಮೆಯಿಂದ ತೀರುವ ಋಣವಲ್ಲ ಇದು. ಗೆದ್ದು ಬಂದ ದುರ್ಬಲನನ್ನು ಹೆಗಲ ಮೇಲೆ ಹೊರಲು ಲೋಕಕ್ಕೆ ಯಾರೂ ಕಲಿಸಬೇಕಾಗಿಲ್ಲ. ಇನ್ನೂ ಗೆಲ್ಲದೆ, ಸರದಿಯ ಕೊನೆಯಲ್ಲಿ ನಿಂತು, ತನ್ನ ಹೆಸರನ್ನು ಯಾರು ಕರೆದಾರೆಂದು ನೋಡುತ್ತಿರುವವನು ಪ್ರತಿಯೊಂದು ಶಾಲೆಯಲ್ಲಿಯೂ, ಪ್ರತಿಯೊಂದು ಕಚೇರಿಯಲ್ಲಿಯೂ, ನಮ್ಮ ನಮ್ಮ ಮನೆಗಳಲ್ಲಿಯೂ ಇದ್ದಾನೆ. ಅವನನ್ನು ಒಂದು ಸಲ ಕಣಕ್ಕಿಳಿಸಿ ನೋಡುವುದು ನಮ್ಮ ಕೈಯಲ್ಲಿರುವ ಕೆಲಸ. ಗೆಲ್ಲುವುದೂ ಸೋಲುವುದೂ ಅವನಿಗೆ ಸೇರಿದ್ದು.