ಯಾವ ರೋಗಕ್ಕೆ ಯಾವ ರಾಗ?

(ಮೈಸೂರಿನ ಸರಸ್ವತಿಪುರಂನಲ್ಲಿ ಲಲಿತಮ್ಮನವರು ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಾರೆ. ಅವರ ಅಣ್ಣನ ಮಗ ಮಧು ವಾಕ್ ಚಿಕಿತ್ಸಕ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ಜೊತೆ ಈಗ ಕೆಲಸ ಮಾಡುತ್ತಿದ್ದಾನೆ. ಪಕ್ಕದ ಮನೆಯ ಮೇಷ್ಟ್ರು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಸಂಜೆಯ ಪಾಠ ಮುಗಿದ ಮೇಲೆ ಮೂವರೂ ಜಗಲಿಯಲ್ಲಿ ಕೂತು ಆಡಿದ ಮಾತು ಇದು.)

ಮೇಷ್ಟ್ರು: ಲಲಿತಮ್ಮನವರೇ, ನಿಮ್ಮ ಶಿಷ್ಯೆಯೊಬ್ಬಳ ತಾಯಿ ನನಗೆ ಈ ಹಾಳೆ ಕೊಟ್ಟರು. ರಕ್ತದೊತ್ತಡಕ್ಕೆ ಆನಂದಭೈರವಿ, ನಿದ್ರೆಗೆ ನೀಲಾಂಬರಿ, ಹೀಗೆ ಎರಡು ಪುಟ ಇದೆ. ಇದರಲ್ಲಿ ಎಷ್ಟು ನಿಜ?

ಲಲಿತಮ್ಮ: ನೀಲಾಂಬರಿ ಕೇಳಿದರೆ ನಿದ್ದೆ ಬರುತ್ತೆ ಅನ್ನೋದನ್ನ ನಾನು ಅಲ್ಲಗಳೆಯೋಲ್ಲ. ತೊಟ್ಟಿಲ ಹಾಡನ್ನ ಆ ರಾಗದಲ್ಲಿ ಹಾಡ್ತಾ ಬಂದಿದ್ದಾರೆ. ಆದರೆ ತೊಟ್ಟಿಲಲ್ಲಿ ಮಲಗಿ ಅದನ್ನ ಕೇಳಿ ಬೆಳೆದವರಿಗೆ ಬರೋ ನಿದ್ದೆ, ಒಂದು ದಿನವೂ ಕೇಳದವರಿಗೆ ಬರುತ್ತಾ? ಈ ಹಾಳೆ ಬರೆದವರು ಆ ಪ್ರಶ್ನೆ ಹಾಕಿಕೊಂಡ ಹಾಗೆ ಕಾಣೋಲ್ಲ. ಯಾವ ಕೃತಿ, ಯಾವ ಕಾಲಪ್ರಮಾಣ, ಹಾಡೋರು ಯಾರು, ಕೇಳೋರು ಯಾರು? ಅದನ್ನೆಲ್ಲ ಬಿಟ್ಟು ಬರೀ ಹೆಸರು ಬರೆದರೆ ರಾಗದಲ್ಲಿ ಉಳಿಯೋದು ಏನು?

ಮೇಷ್ಟ್ರು: ಮುತ್ತುಸ್ವಾಮಿ ದೀಕ್ಷಿತರ ಕಥೆ ಇದೆಯಲ್ಲ? ಶಿಷ್ಯ ತಂಬಿಯಪ್ಪನ ಹೊಟ್ಟೆನೋವು ಗುರುಗ್ರಹದ ದೋಷದಿಂದ ಬಂದದ್ದೆಂದು ತಿಳಿದು, ಅಠಾಣ ರಾಗದಲ್ಲಿ ಬೃಹಸ್ಪತಿಯ ಮೇಲೆ ಕೃತಿ ರಚಿಸಿದರು, ನೋವು ಹೋಯಿತು ಎಂದು ಹೇಳುತ್ತಾರೆ.

ಲಲಿತಮ್ಮ: ಆ ಕಥೆಯನ್ನ ನಾನೂ ಮಕ್ಕಳಿಗೆ ಹೇಳ್ತೀನಿ. ಅದರಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಬೇರೆ ಸಂಗತಿ. ಗುರು ಒಬ್ಬ ಶಿಷ್ಯನ ಮುಖ ನೋಡಿ, ಅವನ ನೋವು ನೋಡಿ, ಅವನ ನಂಬಿಕೆ ಏನು ಅಂತ ತಿಳಿದು, ಅವನಿಗೋಸ್ಕರ ಒಂದು ಕೃತಿ ಕಟ್ಟಿಕೊಟ್ಟರು. ಹೊಟ್ಟೆನೋವು ಬಂದ ಊರಿನವರಿಗೆಲ್ಲ ಅಠಾಣ ಹಂಚಿದರು ಅಂತ ಕಥೆ ಎಲ್ಲೂ ಹೇಳೋಲ್ಲ.

ಮಧು: ಅತ್ತೆ, ನಿಮ್ಮ ಮಾತಿಗೆ ಅಡ್ಡ ಬರೋ ಒಂದು ವಿಷಯ ಇದೆ, ಹೇಳಲಾ? 2015ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಬಂತು. ಶಸ್ತ್ರಚಿಕಿತ್ಸೆ ಆದವರಿಗೆ ಸಂಗೀತ ಕೇಳಿಸಿ ಮಾಡಿದ 73 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದರು. ನೋವು ಕಡಿಮೆ ಇತ್ತು, ಆತಂಕ ಕಡಿಮೆ ಇತ್ತು, ನೋವಿನ ಔಷಧಿ ಬೇಕಾದದ್ದೂ ಕಡಿಮೆ. ಪೂರ್ತಿ ಅರಿವಳಿಕೆಯಲ್ಲಿದ್ದಾಗ ಕೇಳಿಸಿದರೂ ಅಷ್ಟಿಷ್ಟು ಉಪಯೋಗ ಆಗಿತ್ತು. ಆದರೆ ಸಂಗೀತವನ್ನ ರೋಗಿಯೇ ಆರಿಸಿದರೋ ಬೇರೆಯವರು ಆರಿಸಿದರೋ ಅನ್ನೋದರಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಲಲಿತಮ್ಮ: ಏನು ಹಾಕಿದರೂ ಒಂದೇ ಅಂತಲಾ? ನನಗೆ ಒಪ್ಪೋಕೆ ಕಷ್ಟ ಕಣೋ.

ಮೇಷ್ಟ್ರು: ಸ್ವಲ್ಪ ತಡೆಯಿರಿ. ಮಧು, ಆಸ್ಪತ್ರೆಯಿಂದ ಅವರು ಬೇಗ ಮನೆಗೆ ಹೋದರೇ?

ಮಧು: ಇಲ್ಲ ಮೇಷ್ಟ್ರೇ. ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ವ್ಯತ್ಯಾಸ ಇರಲಿಲ್ಲ.

ಮೇಷ್ಟ್ರು: ಹಾಗಾದರೆ ಈ ಪ್ರಶ್ನೆಯ ತಿರುಳು ಅಲ್ಲೇ ಇದೆ. ದಿನಗಳು ಅಷ್ಟೇ ಹಿಡಿದವು, ಆ ದಿನಗಳನ್ನು ಕಳೆದ ಬಗೆ ಬದಲಾಯಿತು. ಗಾಯ ಇರುವುದು ದೇಹದ ಒಂದು ಭಾಗದಲ್ಲಿ. ಭಯ, ಸಂಕಟ, ‘ನನಗೇ ಯಾಕೆ ಹೀಗಾಯಿತು’ ಎಂಬ ಕೊರಗು ಇರುವುದು ಆ ದೇಹ ಹೊತ್ತ ಮನುಷ್ಯನಲ್ಲಿ. ಕಾಯಿಲೆ ವಾಸಿಯಾಗುವುದು ಒಂದು, ಕಾಯಿಲೆಯವರು ಸಮಾಧಾನ ಪಡೆಯುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕೆ ಮೆಟ್ಟಿಲಾಗಬೇಕೆಂದೇನೂ ಇಲ್ಲ. ಸಂಕಟ ಕಡಿಮೆಯಾಗುವುದು ತನ್ನಷ್ಟಕ್ಕೇ ಒಂದು ಒಳ್ಳೆಯದು. ಸಂಗೀತದಿಂದ ಕ್ಯಾನ್ಸರ್ ಹೋಯಿತೇ, ಸಕ್ಕರೆ ಕಾಯಿಲೆ ಹೋಯಿತೇ ಎಂದು ಕೇಳುವವರು ಈ ಎರಡನೆಯ ಒಳ್ಳೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಲಲಿತಮ್ಮ: ಅದು ಸರಿ. ಆದರೆ ‘ಯಾವುದಾದರೂ ಆದೀತು’ ಅನ್ನೋ ಮಾತು ನನಗೆ ಇನ್ನೂ ಚುಚ್ಚುತ್ತಿದೆ.

ಮಧು: ಅದನ್ನೂ ಬಿಡಿಸಿ ನೋಡೋಣ ಅತ್ತೆ. ದೇಹ ಸಂಗೀತಕ್ಕೆ ಎರಡು ದಾರಿಯಲ್ಲಿ ಓಗೊಡುತ್ತೆ. ಒಂದು ಲಯದ ದಾರಿ, ಅದಕ್ಕೆ ನಮ್ಮ ಇಷ್ಟಾನಿಷ್ಟ ಹೆಚ್ಚು ಬೇಕಿಲ್ಲ. 2006ರಲ್ಲಿ ಬರ್ನಾರ್ಡಿ ಮತ್ತು ಅವರ ಜೊತೆಗಾರರು 24 ಜನರಿಗೆ ಆರು ಬಗೆಯ ಸಂಗೀತ ಕೇಳಿಸಿ ಉಸಿರು, ನಾಡಿ, ರಕ್ತದೊತ್ತಡ ಅಳೆದರು. ಆ ಆರರಲ್ಲಿ ನಮ್ಮ ಹಿಂದೂಸ್ತಾನಿ ರಾಗವೂ ಒಂದು. ಗತಿ ಜೋರಾದಾಗ ಉಸಿರು ಜೋರಾಯಿತು, ನಾಡಿ ಏರಿತು. ಸಂಗೀತ ಇಷ್ಟವೋ ಅಲ್ಲವೋ ಅನ್ನೋದಕ್ಕಿಂತ ಗತಿಯೇ ಮುಖ್ಯವಾಯಿತು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಏನು ಗೊತ್ತಾ? ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದ್ದರು. ಆ ಮೌನದಲ್ಲಿ ನಾಡಿ, ರಕ್ತದೊತ್ತಡ ಶುರುವಿಗಿಂತಲೂ ಕೆಳಗೆ ಇಳಿದವು.

ಲಲಿತಮ್ಮ: ಅದು ಹಾಡೋರಿಗೆಲ್ಲ ಗೊತ್ತು ಕಣೋ. ಆಲಾಪನೆ ಮುಗಿಸಿ ಷಡ್ಜದಲ್ಲಿ ನಿಂತು, ತಂಬೂರಿ ಒಂದೇ ಮೀಟುತ್ತಾ ಇರುವಾಗ ಸಭೆಯಲ್ಲಿ ಒಬ್ಬರೂ ಕೆಮ್ಮೋಲ್ಲ. ಸಂಗೀತ ಇಲ್ಲದೆ ಸುಮ್ಮನೆ ಕೂತರೆ ಆ ಮೌನ ಬರೋಲ್ಲ. ಹಾಡು ಮೌನವನ್ನ ತಯಾರು ಮಾಡಿಕೊಡುತ್ತೆ.

ಮಧು: ಅಮೆರಿಕದಲ್ಲಿ ಮೈಕೆಲ್ ಥಾಟ್ ಅನ್ನೋರು 1996ರಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿಗೆ ಮೂರು ವಾರ ತಾಳಕ್ಕೆ ಸರಿಯಾಗಿ ನಡೆಯೋ ಅಭ್ಯಾಸ ಮಾಡಿಸಿದರು. ಹೆಜ್ಜೆ ಉದ್ದವಾಯಿತು, ನಡಿಗೆ ಚುರುಕಾಯಿತು. ಆ ಕಾಯಿಲೆಯಲ್ಲಿ ಹೆಜ್ಜೆಗೆ ಬೇಕಾದ ಒಳಗಿನ ಲೆಕ್ಕ ತಪ್ಪುತ್ತೆ. ಹೊರಗಿನ ತಾಳ ಆ ಲೆಕ್ಕವನ್ನ ಕಿವಿಯಿಂದ ಕೊಡುತ್ತೆ. ಅಲ್ಲಿ ರಾಗದ ಸೌಂದರ್ಯ ಬೇಕಿಲ್ಲ, ಟಕ್ ಟಕ್ ಅನ್ನೋ ಯಂತ್ರವೂ ಸಾಕು.

ಲಲಿತಮ್ಮ: ಹಾಗಾದರೆ ಅದನ್ನ ಸಂಗೀತ ಅಂತ ಯಾಕೆ ಕರೀತೀಯ?

ಮಧು: ಇನ್ನೊಂದು ದಾರಿ ಇದೆ ಅತ್ತೆ, ಅದು ನೆನಪಿನದು. 2008ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸಾರ್ಕಾಮೋ ಮತ್ತು ಜೊತೆಗಾರರು ಪಾರ್ಶ್ವವಾಯು ಆದ 60 ಜನರನ್ನ ಮೂರು ಗುಂಪು ಮಾಡಿದರು. ಒಂದು ಗುಂಪು ಎರಡು ತಿಂಗಳು ದಿನಾ ತಮಗೆ ಇಷ್ಟವಾದ ಹಾಡು ಕೇಳಿತು, ಇನ್ನೊಂದು ಓದಿ ಧ್ವನಿಮುದ್ರಿಸಿದ ಪುಸ್ತಕ ಕೇಳಿತು, ಮತ್ತೊಂದಕ್ಕೆ ಎರಡೂ ಇಲ್ಲ. ಹಾಡು ಕೇಳಿದವರಲ್ಲಿ ಮಾತಿನ ನೆನಪು, ಗಮನ ಎರಡೂ ಹೆಚ್ಚು ಸುಧಾರಿಸಿದವು, ಖಿನ್ನತೆ ಕಡಿಮೆ ಇತ್ತು. ಅಲ್ಲಿ ಯಾವ ರಾಗ ಅಂತ ವೈದ್ಯರು ಬರೆದುಕೊಡಲಿಲ್ಲ. ಅವರವರ ಹಾಡು ಅವರವರದು.

ಮೇಷ್ಟ್ರು: ಲಯ ದೇಹವನ್ನು ಹಿಡಿಯುತ್ತದೆ, ಹಾಡು ಮನುಷ್ಯನನ್ನು ಹಿಡಿಯುತ್ತದೆ. ಇವೆರಡನ್ನು ಬೆರೆಸಿಕೊಂಡದ್ದರಿಂದಲೇ ಇಷ್ಟು ಗೊಂದಲ. ಈಗ ನಿನ್ನ ಕೆಲಸದ ಬಗ್ಗೆ ಹೇಳು. ಮಾತು ನಿಂತವರಿಗೆ ನೀನು ಹಾಡು ಹೇಳಿಕೊಡುತ್ತೀಯಂತೆ?

ಮಧು: ಎಡ ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಹೇಳಬೇಕಾದದ್ದು ಗೊತ್ತಿರುತ್ತೆ, ಮಾತು ಮಾತ್ರ ಹೊರಡೋಲ್ಲ. ಅಂಥವರಲ್ಲಿ ಎಷ್ಟೋ ಜನ ಹಳೆಯ ದೇವರನಾಮವನ್ನ ಪದ ತಪ್ಪದೆ ಹಾಡ್ತಾರೆ. ಹಾಡು ಮುಗಿದ ಮೇಲೆ ‘ನೀರು ಬೇಕು’ ಅನ್ನೋಕೆ ಆಗದೆ ಕಣ್ಣಲ್ಲಿ ನೀರು ಹಾಕ್ತಾರೆ. ಇದನ್ನ ನೋಡಿಯೇ 1973ರಲ್ಲಿ ಬಾಸ್ಟನ್‌ನ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಒಂದು ಕ್ರಮ ಮಾಡಿದರು. ರೋಗಿಯ ಎಡಗೈ ಹಿಡಿದು ಒಂದೊಂದು ಅಕ್ಷರಕ್ಕೆ ಒಂದೊಂದು ತಟ್ಟು. ಸ್ವರ ಎರಡೇ, ಮೇಲಿನದೊಂದು ಕೆಳಗಿನದೊಂದು. ‘ನೀ-ರು-ಬೇ-ಕು.’ ಮೊದಲು ಗುನುಗೋದು, ಆಮೇಲೆ ಇಬ್ಬರೂ ಸೇರಿ ಹೇಳೋದು, ಆಮೇಲೆ ಅವರೊಬ್ಬರೇ. ಕೊನೆಗೆ ರಾಗ ತೆಗೆದು ಬರೀ ಮಾತಿಗೆ ಇಳಿಸೋದು. 2011ರಲ್ಲಿ ತಲೆಗೆ ಗುಂಡು ತಗುಲಿ ಮಾತು ಹೋಗಿದ್ದ ಅಮೆರಿಕದ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಮಾತಿಗೆ ಮರಳಿದ್ದರಲ್ಲೂ ಸಂಗೀತ ಚಿಕಿತ್ಸೆಯ ಪಾಲಿದೆ. ಎಲ್ಲರಿಗೂ ಇದು ಫಲ ಕೊಡೋಲ್ಲ. ಬಲ ಮಿದುಳು ನೆರವಿಗೆ ಬರುತ್ತೆ ಅಂತ ಮೊದಲು ಹೇಳ್ತಿದ್ದರು, ಇಲ್ಲ, ಲಯದ್ದೇ ಹೆಚ್ಚಿನ ಕೆಲಸ ಅನ್ನೋ ವಾದವೂ ಈಗ ಇದೆ.

ಲಲಿತಮ್ಮ: ಸರಳೆ ಹೇಳಿಕೊಟ್ಟ ಹಾಗೇ ಇದೆಯಲ್ಲೋ! ನಾನು ಹೇಳ್ತೀನಿ, ಮಗು ಜೊತೆಗೆ ಹೇಳುತ್ತೆ, ನಾನು ಸುಮ್ಮನಾಗ್ತೀನಿ, ಅದೊಂದೇ ಹೇಳುತ್ತೆ. ಆದರೂ ಒಂದು ಅಳುಕು. ದೇವರ ಮುಂದೆ ಹಾಡೋ ವಿದ್ಯೆ ಇದು. ಇದನ್ನ ಒಂದು ಉಪಕರಣ ಮಾಡಿಬಿಟ್ಟರೆ ಅದರ ಘನತೆ ಎಲ್ಲಿ ಉಳಿಯುತ್ತೆ?

ಮೇಷ್ಟ್ರು: ಈ ಅಳುಕಿಗೆ ಉತ್ತರ ನಮ್ಮ ಶಾಸ್ತ್ರದಲ್ಲೇ ಇದೆ. 13ನೆಯ ಶತಮಾನದಲ್ಲಿ ದೇವಗಿರಿಯಲ್ಲಿ ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವ ಸ್ವರಗಳ ಲಕ್ಷಣ ಹೇಳುವ ಮೊದಲೇ ದೇಹ ಹೇಗೆ ಹುಟ್ಟುತ್ತದೆ ಎಂದು ವಿವರಿಸುತ್ತಾನೆ. ಮನಸ್ಸು ಒಳಗಿನ ಅಗ್ನಿಯನ್ನು ತಟ್ಟುತ್ತದೆ, ಅಗ್ನಿ ವಾಯುವನ್ನು ಎಬ್ಬಿಸುತ್ತದೆ, ವಾಯು ನಾಭಿಯಿಂದ ಹೃದಯ, ಕಂಠಗಳ ದಾರಿ ಹಿಡಿದು ನಾದವಾಗುತ್ತದೆ. ಆ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ಅವರಿಗೆ ದೇಹ ಸಂಗೀತಕ್ಕೆ ಹೊರಗಿನದಾಗಿರಲಿಲ್ಲ. ದೇಹದಲ್ಲಿ ಹುಟ್ಟಿದ ನಾದ ಕೆಟ್ಟುಹೋದ ದೇಹಕ್ಕೆ ನೆರವಾದರೆ ಅದರ ಘನತೆಗೆ ಏನು ಕುಂದು? ಇನ್ನು ಉಪಯೋಗದ ಮಾತು. ಬೀಸುವ ಪದ, ಕುಟ್ಟುವ ಪದ ಇವೆಲ್ಲ ಉಪಯೋಗದಿಂದಲೇ ಹುಟ್ಟಿದ ಹಾಡುಗಳಲ್ಲವೇ? ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ ಓದುಗರು ಬೆರಗಾದದ್ದು ಅವುಗಳ ಕಾವ್ಯಕ್ಕೆ.

ಲಲಿತಮ್ಮ: ನಿಜ. ಮತ್ತೆ ಆ ಪದಗಳಲ್ಲಿ ಎಷ್ಟು ದುಃಖ! ತವರು ದೂರವಾದದ್ದು, ಮಕ್ಕಳಿಲ್ಲದ ಕೊರಗು, ಮನೆಯವರ ಕಟುಮಾತು. ಮನಸ್ಸಿನ ಒತ್ತಡಕ್ಕೆ ಇಂಪಾದ, ಸಂತೋಷದ ಸಂಗೀತ ಕೇಳಿ ಅಂತ ಈಗ ಎಲ್ಲರೂ ಹೇಳ್ತಾರೆ. ಆ ಹೆಂಗಸರು ಸಂತೋಷದ ಹಾಡು ಹುಡುಕಿಕೊಂಡು ಹೋಗಲಿಲ್ಲ. ಯಾರ ಮುಂದೂ ಆಡೋಕಾಗದ್ದನ್ನ ಬೀಸುವ ಕಲ್ಲಿನ ಮುಂದೆ ಹಾಡಿದರು.

ಮೇಷ್ಟ್ರು: ಅಲ್ಲಿ ಲಯ, ನೆನಪು ಎರಡೂ ಒಂದಾಗಿವೆ ನೋಡಿ. ಕಲ್ಲು ತಿರುಗುವ ಲಯ ದೇಹಕ್ಕೆ, ಪದದ ಮಾತು ಮನಸ್ಸಿಗೆ. ಎದುರಿಗೆ ಕೂತು ದನಿಗೂಡಿಸುವ ಇನ್ನೊಬ್ಬಳೂ ಇದ್ದಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಹಾಡುತ್ತಿರುವುದು ಅವಳದೇ ಗಂಟಲು. ದುಃಖಕ್ಕೆ ಹದವಾದ ಒಂದು ಆಕಾರ ಬಂದ ಮೇಲೆ ಅದು ಅವಳನ್ನು ಆಳುವುದಿಲ್ಲ, ಅವಳೇ ಅದನ್ನು ಹಿಡಿದು ನೋಡಬಲ್ಲಳು.

ಲಲಿತಮ್ಮ: ಅದಕ್ಕೇ ನಾನು ಕೇಳೋದಕ್ಕಿಂತ ಹಾಡಿ ಅಂತೀನಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರೂ ಒಳ್ಳೆಯದೇ, ಬೇಡ ಅನ್ನೋಲ್ಲ. ಆದರೆ ಬೆಳಗ್ಗೆ ಮಂದ್ರ ಸ್ಥಾಯಿಯಲ್ಲಿ ಅಕಾರ ಹಿಡಿದು, ಒಂದೇ ಸ್ವರಕ್ಕೆ ಉಸಿರು ಪೂರ್ತಿ ಬಿಟ್ಟುಕೊಟ್ಟು ನೋಡಲಿ.

ಮಧು: ಅದಕ್ಕೆ ಕಾರಣವೂ ಇದೆ ಅತ್ತೆ. ಉಸಿರು ಬಿಡೋದು ಉದ್ದವಾದಷ್ಟೂ ಹೃದಯದ ಬಡಿತ ನಿಧಾನ ಆಗುತ್ತೆ. ಹಾಡಿನ ಸಾಲು ತಾನಾಗಿ ಉಸಿರನ್ನ ಉದ್ದ ಮಾಡುತ್ತೆ. ಆದರೆ ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಹಾಡು ಶುರು ಮಾಡಿದೆ ಅಂತ ಯಾರೂ ರಕ್ತದೊತ್ತಡದ ಮಾತ್ರೆ ನಿಲ್ಲಿಸಬಾರದು. ಖಿನ್ನತೆ ಇರೋರು ಕೆಲವರು ಒಂದೇ ದುಃಖದ ಹಾಡನ್ನ ಮತ್ತೆ ಮತ್ತೆ ಕೇಳಿ ಇನ್ನೂ ಕೆಳಗೆ ಹೋಗೋದುಂಟು. ಅಪರೂಪಕ್ಕೆ ಸಂಗೀತದಿಂದಲೇ ಅಪಸ್ಮಾರ ಬರೋರೂ ಇದ್ದಾರೆ. ಅದಕ್ಕೇ ಇದು ತರಬೇತಿ ಬೇಕಾದ ವಿದ್ಯೆ. ಅಮೆರಿಕದಲ್ಲಿ ಸಂಗೀತ ಚಿಕಿತ್ಸಕರ ರಾಷ್ಟ್ರೀಯ ಸಂಘ 1950ರಲ್ಲೇ ಹುಟ್ಟಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನ ಅಧ್ಯಯನ ಮಾಡೋ ಪ್ರಯೋಗಾಲಯ ಇದೆ. ಜಿಲ್ಲಾ ಆಸ್ಪತ್ರೆಗಳಿಗೂ ಈ ವಿದ್ಯೆ ಬರಬೇಕು.

ಮೇಷ್ಟ್ರು: ಅಲ್ಲಿಯವರೆಗೆ ಮನೆಯವರು ಏನು ಮಾಡಬಹುದು?

ಮಧು: ನಾನು ಎಲ್ಲರನ್ನೂ ಕೇಳಿಕೊಳ್ಳೋದು ಇಷ್ಟು. ಮನೆಯ ಹಿರಿಯರು ಆರೋಗ್ಯವಾಗಿರುವಾಗಲೇ ಅವರ ಹಾಡುಗಳು ಯಾವುವು ಅಂತ ಕೇಳಿ ಬರೆದಿಡಿ: ಚಿಕ್ಕಂದಿನದು, ಮದುವೆ ಹೊತ್ತಿನದು, ಭಜನೆಯದು, ಸಿನಿಮಾದ್ದು, ಯಾವುದಾದರೂ ಸರಿ. ಅವರಿಗೆ ಪಾರ್ಶ್ವವಾಯು ಆಗಿ ಮಾತು ನಿಂತರೆ ಮೊದಲು ಆಸ್ಪತ್ರೆಗೆ ಓಡಿ, ಒಂದು ಗಳಿಗೆಯೂ ತಡಮಾಡಬೇಡಿ. ಆಮೇಲೆ ವಾಕ್ ಚಿಕಿತ್ಸಕರ ಹತ್ತಿರ ಬರುವಾಗ ಸ್ಕ್ಯಾನ್ ವರದಿಯ ಜೊತೆ ಆ ಹಾಡುಗಳ ಪಟ್ಟಿಯನ್ನೂ ತನ್ನಿ.