ತಳ ಮುಟ್ಟದ ದೋಣಿ

ಡೆನ್ವರಿನ ಅಂಗಡಿಯೊಂದರಲ್ಲಿ ಪಾಂಟೂನ್ ದೋಣಿ ನೋಡುತ್ತ ನಿಂತಿದ್ದೆ. ಹೆಸರು ದೊಡ್ಡದು, ವಸ್ತು ಸಣ್ಣದು. ಗಾಳಿ ತುಂಬುವ ಎರಡು ಉದ್ದನೆಯ ಕೊಳವೆಗಳು, ಅವನ್ನು ಜೋಡಿಸುವ ಲೋಹದ ಚೌಕಟ್ಟು, ಮೇಲೊಂದು ಕುರ್ಚಿ, ಎರಡು ಹುಟ್ಟು. ಒಬ್ಬನೇ ಕೂತು, ಆಳವಿಲ್ಲದ ನದಿಯಲ್ಲಿ ತೇಲುತ್ತ ಗಾಳ ಹಾಕಲು ಮಾಡಿದ್ದು. ನಾಲ್ಕೈದು ಅಂಗುಲ ನೀರಿದ್ದರೂ ಸಾಕು, ಹೋಗುತ್ತದೆ. ಮಾರುವವನು ಗುಣಗಾನವನ್ನೆಲ್ಲ ಮುಗಿಸಿ ಯಾವ ನದಿಗೆ ಎಂದು ಕೇಳಿದ. ಕೊಲರಾಡೊ ನದಿಯ ಮೇಲ್ಭಾಗಕ್ಕೆ ಎಂದೆ. "ಹಾಗಾದರೆ ಲಂಗರು ಇಳಿಸುವಾಗ ಜೋಪಾನ. ಕಾಲು ಇಳಿಸುವಾಗಲೂ. ನೀರು ನಿಮ್ಮದು, ತಳ ನಿಮ್ಮದಲ್ಲ" ಎಂದ.

ತಮಾಷೆ ಅಂದುಕೊಂಡೆ. ಅಲ್ಲ. ಹರಿಯುವ ನೀರು ಸಾರ್ವಜನಿಕರ ಸೊತ್ತು ಎಂದು ಕೊಲರಾಡೊ ರಾಜ್ಯದ ಸಂವಿಧಾನವೇ ಹೇಳುತ್ತದೆ. ಆದರೆ ನದಿ ಖಾಸಗಿ ಜಮೀನಿನ ನಡುವೆ ಹರಿಯುವಲ್ಲಿ ತಳದ ಕಲ್ಲು, ಮರಳು ಜಮೀನಿನವನದು. 1976ರ ಜುಲೈಯಲ್ಲಿ ಕೆಲವರು ಇದೇ ನದಿಯಲ್ಲಿ ತೆಪ್ಪಗಳ ಮೇಲೆ ತೇಲಿಬಂದರು. ಆ ತೆಪ್ಪಗಳಲ್ಲಿ ಕಾಲು ಇಳಿಬಿಡಲು ತೂತುಗಳಿದ್ದವು. ನೀರು ಕೆಲವೆಡೆ ಒಂದೇ ಅಡಿ. ಬಂಡೆಯನ್ನೋ ಅಡ್ಡಕ್ಕೆ ಕಟ್ಟಿದ್ದ ಮುಳ್ಳುತಂತಿಯನ್ನೋ ತಪ್ಪಿಸಿಕೊಳ್ಳಲು ಅವರು ಕಾಲೂರಿದರು. ದನದ ಫಾರ್ಮಿನವರ ದೂರಿನ ಮೇಲೆ ಅದು ಅತಿಕ್ರಮ ಪ್ರವೇಶದ ಅಪರಾಧವಾಯಿತು; 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಅಂದಿನಿಂದ ಇಲ್ಲಿನ ಮೀನುಗಾರರ ಲೋಕಜ್ಞಾನ ಇಷ್ಟೇ: ತೇಲು, ಆದರೆ ಮುಟ್ಟಬೇಡ. ಇತ್ತೀಚೆಗೆ ಅರ್ಕಾನ್ಸಾ ನದಿಯಲ್ಲಿ ಗಾಳ ಹಾಕುತ್ತಿದ್ದ ಒಬ್ಬ ವೃದ್ಧರು ತಳವೂ ಸಾರ್ವಜನಿಕರದೇ ಎಂದು ಕೋರ್ಟಿಗೆ ಹೋದರು. 2023ರಲ್ಲಿ ಕೋರ್ಟು ಆ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಅದನ್ನು ಕೇಳುವ ಹಕ್ಕು ನಿಮಗಿಲ್ಲ ಎಂದಿತು.

ಉತ್ತರಕ್ಕೆ ಗಡಿ ದಾಟಿದರೆ ವಯೋಮಿಂಗ್. ಅಲ್ಲಿ 1961ರ ತೀರ್ಪಿನ ಪ್ರಕಾರ ದೋಣಿ ಮರಳಿಗೆ ಸಿಕ್ಕಿಕೊಂಡರೆ ಇಳಿದು ತಳ್ಳಬಹುದು, ನಿಂತು ಮೀನು ಹಿಡಿಯುವಂತಿಲ್ಲ. ಇನ್ನೂ ಮೇಲೆ ಮೊಂಟಾನಾದಲ್ಲಿ, 1985ರ ಕಾನೂನಿನಂತೆ, ನೀರು ಏರುವ ಗುರುತಿನವರೆಗೂ ಧಾರಾಳವಾಗಿ ನಡೆದಾಡಬಹುದು. ಒಂದೇ ಪರ್ವತಸಾಲು, ಅದೇ ಟ್ರೌಟ್ ಮೀನು, ಅದೇ ಪಾದ. ಮೂರು ರಾಜ್ಯಗಳಲ್ಲಿ ಮೂರು ಪಾಪಪುಣ್ಯ.

ಹೀಗಾಗಿ ದೋಣಿ ಆರಿಸುವುದು ನನಗೆ ಬರಿಯ ಲೆಕ್ಕಾಚಾರವಾಗಿ ಉಳಿಯಲಿಲ್ಲ. ಲೆಕ್ಕಾಚಾರವೂ ಇತ್ತು ಅನ್ನಿ. ಕೊಳವೆ ಉದ್ದ ಮತ್ತು ದಪ್ಪವಿದ್ದರೆ ಭಾರ ಹರಡಿಕೊಂಡು ದೋಣಿ ಮೇಲೆ ನಿಲ್ಲುತ್ತದೆ. ಗಿಡ್ಡವಿದ್ದರೆ ಬೇಗ ತಿರುಗುತ್ತದೆ, ಹೊರುವುದೂ ಸುಲಭ. ಎರಡೂ ತುದಿ ಬಾಳೆಕಾಯಿಯಂತೆ ಮೇಲಕ್ಕೆ ಬಾಗಿದ್ದರೆ ಸೆಳವಿನಲ್ಲಿ ತಿರುಗಿಸುವುದು ಇನ್ನೂ ಹಗುರ. ಉಕ್ಕಿನ ಚೌಕಟ್ಟು ಅಗ್ಗ, ಅಲ್ಯೂಮಿನಿಯಂ ಬೆನ್ನಿಗೆ ಹಿತ. ಬಿಸಿಲಲ್ಲಿ ದಡದ ಮೇಲೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಕೊಳವೆ ಬಿರಿಯಬಹುದು. ಹಿಮ ಕರಗಿದ ನೀರಿಗೆ ಇಳಿಸಿದರೆ ಅದೇ ಕೊಳವೆ ಮೆತ್ತಗಾಗುತ್ತದೆ. ಇದನ್ನೆಲ್ಲ ಒಂದು ವಾರದಲ್ಲಿ ಕಲಿತೆ. ಕಲಿಯಲು ಕಷ್ಟವಾದದ್ದು ಕಾಲಿನ ವಿಷಯ. ಕಾಲಿಗೆ ಈಜುರೆಕ್ಕೆ ತೊಟ್ಟು ನೀರಿಗೆ ಇಳಿಬಿಟ್ಟರೆ ಕೈಗಳೆರಡೂ ಗಾಳಕ್ಕೆ ಬಿಡುವಾಗುತ್ತವೆ. ಆದರೆ ತಳ ಮುಟ್ಟುತ್ತೇನೆ. ಕಾಲನ್ನು ಮೇಲಿಟ್ಟುಕೊಳ್ಳುವ ಅಡ್ಡಪಟ್ಟಿಯ ದೋಣಿ ತೆಗೆದುಕೊಂಡರೆ ಕಾನೂನು ಉಳಿಯುತ್ತದೆ, ಮೀನು ಹೋಗುತ್ತದೆ.

ಮುಟ್ಟಬೇಡ ಎಂಬ ಮಾತು ನನಗೆ ಹೊಸದಲ್ಲ. ನನ್ನೂರು ಗಂಗಾವತಿ. ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಆನೆಗೊಂದಿಗೆ ಹೋಗಿ, ಅಲ್ಲಿಂದ ಹರಿಗೋಲು ಹತ್ತಿ ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನಕ್ಕೆ ಹೋಗುತ್ತಿದ್ದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಇದೇ ಬುಟ್ಟಿದೋಣಿಗಳನ್ನು ಕಂಡು, ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತವೆ ಎಂದು ಬೆರಗಾಗಿದ್ದ. ದುಂಡಗಿನ ಹರಿಗೋಲಿನಲ್ಲಿ ಯಾರೂ ಯಾರಿಂದಲೂ ದೂರ ಕೂರಲಾಗದು; ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಮಡಿಯಲ್ಲಿದ್ದ ಅಜ್ಜಿಗೆ ಅದೇ ಸಂಕಟ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಅಂಚಿನಲ್ಲಿ ಮುದುಡಿ ಕೂರುತ್ತಿದ್ದಳು. ಇಳಿಯುವಾಗ ಬಂಡೆ ಪಾಚಿಗಟ್ಟಿ ಜಾರುತ್ತಿತ್ತು. ಅಂಬಿಗ ಕೈ ಕೊಡುತ್ತಿರಲಿಲ್ಲ. ಹುಟ್ಟಿನ ತುದಿಯನ್ನು ಚಾಚುತ್ತಿದ್ದ. ಅಜ್ಜಿ ಅದನ್ನು ಹಿಡಿದು ಇಳಿಯುತ್ತಿದ್ದಳು. "ಒಳ್ಳೆಯವನಪ್ಪ, ಪದ್ಧತಿ ಗೊತ್ತು" ಎಂದು ಆಮೇಲೆ ನನಗೆ ಹೇಳುತ್ತಿದ್ದಳು. ಬಹಳ ವರ್ಷ ನಾನೂ ಅದನ್ನು ಒಂದು ಸುಂದರ ಚಿತ್ರವೆಂದೇ ಇಟ್ಟುಕೊಂಡಿದ್ದೆ.

ದೋಣಿ ಕೊಂಡೆ. ಅಲ್ಯೂಮಿನಿಯಂ ಚೌಕಟ್ಟು, ಒಂಬತ್ತು ಅಡಿ, ಕಾಲಿಗೆ ಅಡ್ಡಪಟ್ಟಿ. ಲಂಗರು ಬೇಡವೆಂದೆ. ಇದು ನೀತಿನಿಷ್ಠೆಯಲ್ಲ, ವೀಸಾದ ಮೇಲಿರುವವನು ಪೊಲೀಸ್ ದಾಖಲೆಯಲ್ಲಿ ಹೆಸರು ಬರೆಸಿಕೊಳ್ಳಲಾರ. ಆಗಸ್ಟಿನಲ್ಲಿ ನೀರಿಳಿದ ಮೇಲೆ ಒಂದು ಫಾರ್ಮಿನ ಬೇಲಿ ಕಂಡಿತು. ಪಾದಗಳನ್ನು ಪಟ್ಟಿಯ ಮೇಲೆಳೆದುಕೊಂಡೆ. ದಡದಲ್ಲಿ ಒಬ್ಬ ನಿಂತಿದ್ದ. ಕೈಯೆತ್ತಿ ನಮಸ್ಕರಿಸುವಂತೆ ಮಾಡಿದೆ, ಅವನೂ ತಲೆಯಾಡಿಸಿದ. ಒಳ್ಳೆಯವನು, ಪದ್ಧತಿ ಗೊತ್ತು ಅಂದುಕೊಂಡಿರಬೇಕು. ನನ್ನೊಳಗೆ ಇದ್ದದ್ದು ಮರ್ಯಾದೆಯಲ್ಲ, ಹೆದರಿಕೆ. ಆಗ ಅಂಬಿಗ ನೆನಪಾದ. ಅವನು ಚಾಚಿದ ಹುಟ್ಟಿನಲ್ಲಿ ಇದ್ದದ್ದಾದರೂ ಏನು?

ಎರಡನ್ನೂ ತಕ್ಕಡಿಗೆ ಹಾಕುವುದು ನಾಚಿಕೆಗೇಡು ಎಂದು ಗೊತ್ತು. ನನ್ನದು ಭಾನುವಾರದ ಹವ್ಯಾಸ, ಸಂಜೆ ಕಾರು ಹತ್ತಿ ಮನೆಗೆ ಬರುತ್ತೇನೆ. ಅವನದು ಬದುಕು. ಮಹಾಡದ ಚವದಾರ್ ಕೆರೆ ಎಲ್ಲರದೆಂದು ಪುರಸಭೆ ಕಾಗದದ ಮೇಲೆ ಒಪ್ಪಿಕೊಂಡಿದ್ದರೂ, 1927ರ ಮಾರ್ಚ್ 20ರಂದು ಅಂಬೇಡ್ಕರ್ ಬೊಗಸೆಯಲ್ಲಿ ನೀರೆತ್ತಿ ಕುಡಿಯಬೇಕಾಯಿತು. ಕುಡಿದವರ ಮೇಲೆ ಅಂದೇ ಹಲ್ಲೆಯಾಯಿತು. ಅಲ್ಲಿ ನಿಷೇಧ ಮನುಷ್ಯನ ಮೈಗೆ. ಇಲ್ಲಿ ಯಾರ ಪಾದವಾದರೂ ಒಂದೇ. ಆದರೂ ಒಂದು ಹೋಲಿಕೆಯನ್ನು ತಳ್ಳಿಹಾಕಲಾರೆ. ಮುಟ್ಟಿದರೆ ಏನು ಕೆಡುತ್ತದೆ ಎಂದು ಎರಡು ಕಡೆಯೂ ಕೇಳುವಂತಿಲ್ಲ. ಯಾರದು ಎಂಬುದಷ್ಟೇ ಪ್ರಶ್ನೆ.

ಫಾರ್ಮಿನವನ ಪರವಾಗಿಯೂ ಹೇಳಬೇಕು. ಬಿಯರ್ ಡಬ್ಬಿ ಎಸೆದು, ಗೇಟು ತೆರೆದಿಟ್ಟು, ದನ ಹೊರಗೋಡುವಂತೆ ಮಾಡಿ ಹೋದವರನ್ನು ಅವನು ಕಂಡಿದ್ದಾನೆ. ಅವನ ಸಿಟ್ಟು ಕಾಲಿನ ಮೇಲಲ್ಲ, ಕಾಲಿನ ಹಿಂದೆ ಬರುವುದರ ಮೇಲೆ. ಇದು ನನಗೆ ಅರ್ಥವಾಗುತ್ತದೆ. ಆದರೆ ನಿಜವಾಗಿ ಕಾಲಿಡಬಾರದ ಜಾಗವನ್ನು ನನಗೆ ತೋರಿಸಿದ್ದು ಅವನ ಬೇಲಿಯಲ್ಲ. ಅಕ್ಟೋಬರಿನಲ್ಲಿ ಕಂದು ಟ್ರೌಟ್ ಹೆಣ್ಣು ಬಾಲದಿಂದ ಜಲ್ಲಿಯನ್ನು ಗುಡಿಸಿ, ಗುಳಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಪಾಚಿ ಹಿಡಿದ ತಳದ ನಡುವೆ ಆ ಜಾಗ ಆಗತಾನೆ ತೊಳೆದ ಅಂಗಳದಂತೆ ತಿಳಿಯಾಗಿ ಕಾಣುತ್ತದೆ. ಅಲ್ಲಿ ಒಂದು ಹೆಜ್ಜೆಯಿಟ್ಟರೆ ಮೊಟ್ಟೆಗಳು ನುಜ್ಜಾಗುತ್ತವೆ. ಮೊಂಟಾನಾದ ಕಾನೂನಿನಲ್ಲಿ ನನ್ನ ಹೆಜ್ಜೆ ಅಲ್ಲೂ ಅತಿಕ್ರಮವಾಗದು. ಹಿಡಿದ ಮೀನನ್ನು ಮುಟ್ಟುವ ಮೊದಲೂ ಕೈ ಒದ್ದೆ ಮಾಡಿಕೊಳ್ಳಬೇಕು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಮೀನನ್ನು ಹಿಡಿದು, ಕೈ ತೊಳೆದು ಮುಟ್ಟಿ, ಮತ್ತೆ ಬಿಟ್ಟುಬರುವುದನ್ನು ಕಂಡು ನನ್ನ ಹೆಂಡತಿ ನಗುತ್ತಾಳೆ. "ಅಜ್ಜಿಯ ಮೊಮ್ಮಗ, ಮಡಿ ಎಲ್ಲಿ ಬಿಟ್ಟೀರಿ!" ಅವಳಿಗೆ ಹೇಳಲು ನನ್ನಲ್ಲಿ ಉತ್ತರವಿಲ್ಲ. ಗಾಳದ ಮುಳ್ಳು ಚುಚ್ಚಿದ ಮೇಲೆ ಲೋಳೆಯ ಚಿಂತೆ ಮಾಡುವವನು ನಾನು.

ಹೋದ ತಿಂಗಳು ಅದೇ ಬೇಲಿಯ ಹತ್ತಿರ ನೀರು ಇನ್ನೂ ತೆಳುವಾಗಿತ್ತು. ಕಾಲು ಮೇಲಿತ್ತು, ಲಂಗರು ಇರಲೇ ಇಲ್ಲ. ಬಂಡೆಯೊಂದನ್ನು ತಪ್ಪಿಸಲು ಹುಟ್ಟು ಹಾಕಿದಾಗ ತುದಿ ಕೆಳಗಿನ ಜಲ್ಲಿಗೆ ತಾಗಿ ಗರಕ್ಕೆಂದಿತು. ದಡದತ್ತ ನೋಡಿದೆ. ಯಾರೂ ಇರಲಿಲ್ಲ. ಹುಟ್ಟನ್ನು ತಕ್ಷಣ ಎತ್ತಲಿಲ್ಲ. ನಾನು ಕೈಯಿಂದ ಮುಟ್ಟಿದ್ದೆನೋ ಇಲ್ಲವೋ, ಅಜ್ಜಿಯನ್ನು ಕೇಳಬೇಕಿತ್ತು.